ತಿಕೋಟಾದವರ ಗಾದಿ

"ನಾದಾರಿ ಅಂದ್ರ ಏನಂತ ಗೊತ್ತೈತೇನ್ ನಿನಗ?"

ಪೀರಾಂಬಿ ಹೀಗೆ ಕೇಳಿದಾಗ ಸೊಸೆ ಮಾಬುಬಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಹಿಟ್ಟಿಗೆ ಎರಡು ಪೆಟ್ಟು ಹೆಚ್ಚೇ ಬಿದ್ದವು.

"ಗೊತ್ತೈತ್ರಿ ಅತ್ತಿ. ಬಡವರ ಮಕ್ಕಳಿಗೆ ಸಾಲಿ ಫೀ ಮಾಫಿ ಮಾಡೂದು."

"ಬಡವರ ಮಕ್ಕಳಿಗೆ! ಕೇಳಿದೇನೋ ಗೈಬು? ನಿನ್ನ ಹೇಣ್ತಿ ಸಾಲಿಗಿ ಹೋಗಿ ನಮ್ಮನ್ನ ಬಡವರು ಅಂತ ಬರಸಿ ಬಂದಾಳ."

ಗೈಬುಸಾಬ ರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನುತ್ತಿದ್ದ. ತಲೆ ಎತ್ತದೆ ಹೇಳಿದ: "ಬರಸದಿದ್ರ ನಾವೇನ್ ಸಾವಕಾರ ಆಕ್ಕೀವೇನ್ ಬೇ? ಉಣ್ಣಾಕ ಕುಂತಾಗರ ಸುಮ್ನಿರು."

ಜೋರಾಪುರ ಪೇಟೆಯಲ್ಲಿ ಈ ಪಿಂಜಾರರ ಮನೆ ಒಂದು ಕಾಲಕ್ಕೆ ಹೆಸರುಳ್ಳದ್ದು. ಪೀರಾಂಬಿಯ ಗಂಡ ಕಾಸಿಮಸಾಬ ಬಿಲ್ಲು ಹಿಡಿದು ಹತ್ತಿ ಹಿಂಜಲು ಕೂತರೆ ಓಣಿಯ ತುದಿಯವರೆಗೂ ಅದರ ನಾದ ಕೇಳಿಸುತ್ತಿತ್ತು. ಯಾರ ಮನೆಯಲ್ಲಿ ಸಾವಾದರೂ ಹೆಣಕ್ಕೆ ಬೇಕಾದ ಹತ್ತಿಯನ್ನು ತಾನೇ ಹಿಂಜಿ ಕೊಡುತ್ತಿದ್ದ. ಅದಕ್ಕೆ ಒಂದು ಪೈಸೆ ಮುಟ್ಟಿದವನಲ್ಲ. ಅವನು ಹೋಗಿ ನಾಲ್ಕು ವರ್ಷವಾಗಿತ್ತು. ಸ್ಟೇಶನ್ ರಸ್ತೆಗೆ ಹತ್ತಿ ಹಿಂಜುವ ಯಂತ್ರ ಬಂದ ಮೇಲೆ ಪಟ್ಟಣದ ಗಿರಾಕಿಗಳು ಅತ್ತ ಹೋದರು. ಗೈಬುಸಾಬ ಬಿಲ್ಲನ್ನು ಹೆಗಲಿಗೇರಿಸಿ ಬಬಲೇಶ್ವರದ ಸಂತೆಗೆ, ಕನಮಡಿಯ ಕಡೆಗೆ ಬಸ್ಸು ಹತ್ತತೊಡಗಿದ. ಮನೆಯಲ್ಲಿ ರೇಶನ್ನಿನ ಕೆಂಪು ಜೋಳದ ರೊಟ್ಟಿ ಬೇಯತೊಡಗಿತು.

ಅವನ ಮಗಳು ಮುಮತಾಜ ಏಳನೆಯ ಇಯತ್ತೆ ಪಾಸಾಗಿದ್ದಳು. ಸರಕಾರಿ ಹೈಸ್ಕೂಲು ಊರಿನ ಆಚೆ ತುದಿಗೆ. ಅಷ್ಟು ದೂರ ಬೆಳೆದ ಹುಡುಗಿಯನ್ನು ಕಳಿಸುವುದಿಲ್ಲವೆಂದು ಪೀರಾಂಬಿ ಹಟ ಹಿಡಿದಿದ್ದಳು. ಎರಡು ಓಣಿ ದಾಟಿದರೆ ವ್ಯಾಪಾರಸ್ಥರು ಸೇರಿ ಕಟ್ಟಿಸಿದ ಖಾಸಗಿ ಹೈಸ್ಕೂಲು. ಅಲ್ಲಿ ಫೀ ಇತ್ತು. ಬಡವರಿಗೆ ನಾದಾರಿಯೂ ಇತ್ತು. ಮಾಬುಬಿ ಯಾರನ್ನೂ ಕೇಳದೆ ಹೋಗಿ ಮಗಳನ್ನು ಅಲ್ಲಿ ಸೇರಿಸಿ, ನಾದಾರಿಗೆ ಹೆಸರು ಕೊಟ್ಟು ಬಂದಿದ್ದಳು.

"ನಿಮ್ಮಪ್ಪ ಕೊಟ್ಟ ಕೈಯಾಂವ" ಎಂದಳು ಪೀರಾಂಬಿ ಮಗನಿಗೆ. "ಆ ಕೈ ಈಗ ಮಂದಿ ಮುಂದ ಚಾಚಬೇಕೇನ್?"

"ಮಾವನ ಕೈ ಯಾಕ ಚಾಚಬೇಕ್ರಿ? ನನ್ನ ಕೈ ಚಾಚೇನಿ" ಎಂದು ಮಾಬುಬಿ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. "ಬಸಲಿಂಗಯ್ಯ ಮಾಸ್ತರು ಹೇಳ್ಯಾರ, ಕಮಿಟಿಯವರು ಒಮ್ಮೆ ಮನಿ ನೋಡಾಕ ಬರ್ತಾರಂತ. ಮನಿ ಹೆಂಗೈತಿ ಹಂಗ ಇರಲಿ ಅಂದಾರ. ನೀವು ಏನೂ ಮಾಡಬ್ಯಾಡ್ರಿ, ಏನೂ ಹೇಳಬ್ಯಾಡ್ರಿ. ಅಷ್ಟ ಸಾಕು."

"ನನ್ನ ಮನ್ಯಾಗ ನಾ ಬಾಯಿ ಮುಚ್ಚಿಕೊಂಡು ಕುಂದರಬೇಕಾ?"

"ಒಂದು ತಾಸು ಕುಂದರ್ರಿ. ಆಮ್ಯಾಲ ವರ್ಷ ಪೂರ್ತಿ ನನ್ನ ಬೈರಿ."

ಮೂಲೆಯಲ್ಲಿದ್ದ ಮುಮತಾಜ ಪಕ್ಕನೆ ನಕ್ಕಳು. ಪೀರಾಂಬಿ ರೊಟ್ಟಿಯ ತಾಟನ್ನು ಸರಿಸಿ ಎದ್ದಳು.

ಅದೇ ವಾರ ಗೈಬುಸಾಬನಿಗೆ ಬಬಲೇಶ್ವರದ ಸಂತೆಯಲ್ಲಿ ಒಂದು ದೊಡ್ಡ ಕೆಲಸ ಸಿಕ್ಕಿತು. ತಿಕೋಟಾದ ಮುರಿಗೆವ್ವ ಎಂಬಾಕೆ ಮಗಳ ಮದುವೆಗೆ ಗಾದಿ ಹಾಕಿಸುವವಳಿದ್ದಳು. ಹತ್ತಿ ತನ್ನ ಹೊಲದ್ದು, ಗಿಳಿಹಸಿರು ಪಟ್ಟಿಯ ಹೊಸ ಬಟ್ಟೆಯೂ ಆಕೆಯದೇ. ಗೈಬುಸಾಬ ಹಿಂಜಿದ, ಮಾಬುಬಿ ತುಂಬಿದಳು, ಇಬ್ಬರೂ ಎದುರುಬದುರು ಕೂತು ಹೊಲಿದರು. ಗಾದಿ ಹಸುಗೂಸಿನ ಗಲ್ಲದ ಹಾಗೆ ಉಬ್ಬಿತು. ಅದನ್ನು ಹಲಗೆಯ ಮೇಲೆ ಗೋಡೆಗೆ ಹೊಂದಿಸಿ ಇಟ್ಟರು.

ಗಿರಾಕಿಯ ಗಾದಿಯ ಮೇಲೆ ಪಿಂಜಾರ ತಾನೂ ಕೂಡುವುದಿಲ್ಲ, ಬೇರೆಯವರನ್ನೂ ಕೂಡಿಸುವುದಿಲ್ಲ. ಮದುವೆಯ ಗಾದಿಯಾದರಂತೂ ಮದುಮಕ್ಕಳಿಗಿಂತ ಮೊದಲು ಒಂದು ಮಗುವೂ ಅದರ ಮೇಲೆ ಹತ್ತಬಾರದು. ಮಾಬುಬಿ ಈ ಮನೆಗೆ ಬಂದ ಹೊಸತರಲ್ಲಿ ದಣಿದು ಒಂದು ಗಾದಿಗೆ ಬೆನ್ನು ಆನಿಸಿದ್ದಳು. ಪೀರಾಂಬಿ ತೋಳಿಗೆ ಛಟೀರನೆ ಹೊಡೆದು ಎಬ್ಬಿಸಿದ್ದಳು. "ಇದು ಮಂದೀದು. ನಮ್ಮ ಹೊಟ್ಟಿ ತುಂಬಸೂದು. ನಮ್ಮ ಬೆನ್ನಿಗಲ್ಲ." ಆ ಪೆಟ್ಟನ್ನು ಮಾಬುಬಿ ಮರೆತಿರಲಿಲ್ಲ.

ಕಮಿಟಿಯವರು ಬಂದ ದಿನ ಅವಳು ರೇಶನ್ ಅಂಗಡಿಯ ಪಾಳಿಯಲ್ಲಿ ನಿಂತಿದ್ದಳು. ಜೋಳದ ಚೀಲ ಹೊತ್ತು ಮನೆಗೆ ಬಂದಾಗ ಹೊಸ್ತಿಲ ಬಳಿ ಎರಡು ಜೊತೆ ಚಪ್ಪಲಿ. ಒಂದು ಜೊತೆ ಚರಚರ ಎನ್ನುವ ಹೊಸದು. ಅವಳು ಒಳಗೆ ಇಣುಕಿದಳು.

ನಡುಮನೆಯಲ್ಲಿ ತಿಕೋಟಾದವರ ಗಾದಿ ಹಾಸಿತ್ತು. ಅದರ ನಟ್ಟನಡುವೆ ಶಾಲೆಯ ಕಮಿಟಿಯಲ್ಲಿದ್ದ ಕಾಳಿನ ವ್ಯಾಪಾರಿ ಶಂಕ್ರೆಪ್ಪ ಬಿಳಿ ಧೋತರ ಹರವಿ ಕೂತಿದ್ದರು. ಶಾಲೆಯ ಕಾರಕೂನ ರಾಯಪ್ಪ ಅಂಚಿನಲ್ಲಿ ಕೂತಿದ್ದ. ಇಬ್ಬರ ಕೈಯಲ್ಲೂ ನೆರೆಮನೆಯ ಹುಸೇನಬಿಯ ಹೂವಿನ ಚಿತ್ರದ ಚಹಾ ಕಪ್ಪು-ಬಸಿ. ಪೀರಾಂಬಿ ಪೆಟ್ಟಿಗೆಯಲ್ಲಿದ್ದ ಹಬ್ಬದ ಸೀರೆ ಉಟ್ಟು ಬಾಗಿಲಿಗೆ ಆತು ನಿಂತಿದ್ದಳು.

"ಈ ಗಾದಿ ಗಿರಾಕೀದು ಇರಬೇಕಲ್ರಿ?" ಎಂದು ರಾಯಪ್ಪ ಕೇಳುತ್ತಿದ್ದ.

"ಯಾಕ್ರಿ? ನಮ್ಮದ! ಗಿರಾಕಿ ಗಾದಿ ಮ್ಯಾಲ ನಿಮ್ಮಂಥವರನ್ನ ಕುಂದರಸ್ತೇವೇನ್ರಿ? ಪಿಂಜಾರರ ಮನ್ಯಾಗ ಗಾದಿಗೇನ್ ಬರಾ?"

"ಖರೇ ಐತಿ" ಎಂದು ಶಂಕ್ರೆಪ್ಪ ತಲೆದೂಗಿದರು. "ಪಿಂಜಾರ ಕುಂದರಿಸಿದಾ ಅಂದ್ರ ಗಾದಿ ಅವಂದ."

ತಲೆದೂಗುವಾಗ ಬಸಿ ಓರೆಯಾಯಿತು. ಬಿಸಿ ಚಹಾ ಗಾದಿಯ ಮೂಲೆಗೆ ಬಿತ್ತು, ಗಿಳಿಹಸಿರು ಪಟ್ಟಿಯ ಮೇಲೆ ಅಂಗೈ ಅಗಲ ಹರಡಿತು.

"ಅಯ್ಯ, ಅಯ್ಯ!"

"ಇರಲಿ ಬಿಡ್ರಿ, ಚಾ ಏನ್ ಬೆಂಕಿ ಏನ್ರಿ?" ಎಂದಳು ಪೀರಾಂಬಿ.

ಮಾಬುಬಿ ಹೊಸ್ತಿಲಲ್ಲೇ ನಿಂತಿದ್ದಳು. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಪರಗಂಡಸರ ಮುಂದೆ ಅತ್ತೆಯನ್ನು ಸುಳ್ಳಿ ಎನ್ನುವುದು ಹೇಗೆ? ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಜೋಳದ ಚೀಲದೊಂದಿಗೆ ಗೋಡೆಗೆ ಸರಿದಳು.

ಅವರು ಹೋದದ್ದೇ ತಡ, ಚೀಲವನ್ನು ನೆಲಕ್ಕೆ ಒಗೆದಳು.

"ಏನ್ ಮಾಡಿದ್ರಿ ಅತ್ತಿ! ಏನ್ ಮಾಡಿದ್ರಿ!"

"ಬಾಗಿಲಿಗೆ ಬಂದವರಿಗೆ ಬರೀ ನೆಲದ ಮ್ಯಾಲ ಕುಂದರ್ರಿ ಅನ್ನಲೇನು? ಕಾಸಿಮಸಾಬನ ಮನ್ಯಾಗ?"

"ನಮ್ಮ ನೆಲಾ ನೋಡಾಕಂತನ ಬಂದಿದ್ರಲ್ರಿ ಅವರು!"

"ನೋಡಿ ನಕ್ಕೊಂತ ಹೋಗ್ತಿದ್ರು. ನಿನಗ ಅದ ಬೇಕಾಗಿತ್ತೇನ್?"

"ನಗಲಿ! ನಕ್ಕು ನನ್ನ ಮಗಳನ್ನ ಸಾಲ್ಯಾಗ ಇಟ್ಟುಕೊಳ್ಳಲಿ!"

ಸಂಜೆ ಬಂದ ಗೈಬುಸಾಬ ಕಲೆಯನ್ನು ನೋಡಿ ಅಲ್ಲೇ ಕುಕ್ಕರಿಸಿದ. ಮಾಬುಬಿ ಸೀಗೆಪುಡಿ ಹಚ್ಚಿ ಉಜ್ಜಿದ್ದಳು, ನಿಂಬೆಹಣ್ಣು ತಿಕ್ಕಿದ್ದಳು. ಕಲೆ ತಿಳಿಯಾಗಿ ಇನ್ನಷ್ಟು ಅಗಲವಾಗಿತ್ತು.

"ಯವ್ವಾ, ನನ್ನ ಅನ್ನದ ಮ್ಯಾಲ ಚಾ ಚೆಲ್ಲಿಸಿದೆಲ್ಲ ಬೇ" ಎಂದ. ಕೆಂಪು ಬಟ್ಟೆಯ ತುಂಡೊಂದನ್ನು ಹೂವಿನಂತೆ ಕತ್ತರಿಸಿ ಕಲೆಯ ಮೇಲೆ ಹೊಲಿದ. ಉಳಿದ ಮೂರು ಮೂಲೆಗೂ ಅಂಥದೇ ಹೂ ಹೊಲಿದು, ಮರುದಿನ ಗಾದಿಯನ್ನು ತಿಕೋಟಾದ ಬಸ್ಸಿನ ಮೇಲೆ ಕಟ್ಟಿದ.

ಎಂಟು ದಿನಕ್ಕೆ ಬಸಲಿಂಗಯ್ಯ ಮಾಸ್ತರು ಓಣಿಯಲ್ಲಿ ಮಾಬುಬಿಯನ್ನು ಕಂಡು ನಿಂತರು.

"ಏನವ್ವಾ ತಂಗಿ, ನಾನು ನಿಮ್ಮ ಸಲುವಾಗಿ ಅಷ್ಟು ಹೇಳಿದ್ದೆ. 'ಸ್ಥಿತಿವಂತರು, ನಾದಾರಿ ಬೇಕಾಗಿಲ್ಲ' ಅಂತ ಕಮಿಟಿಯವರು ಬರದಾರ. ಮೆತ್ತನ ಗಾದಿ ಮ್ಯಾಲ ಕೂಡಿಸಿ ಚಾ ಕುಡಿಸಿದ್ರಂತ. ಈ ತಿಂಗಳು ಫೀ ತುಂಬದಿದ್ರ ಹೆಸರು ತಗೀತಾರ."

ಫೀ ತುಂಬಲಾಗಲಿಲ್ಲ. ಮುಮತಾಜ ಪಾಟಿಚೀಲವನ್ನು ಮೊಳೆಗೆ ತೂಗುಹಾಕಿ ಮನೆಯಲ್ಲಿ ಕೂತಳು. ಪೀರಾಂಬಿ ಅವಳ ಮುಂದೆ ಹಳೆಯ ಹತ್ತಿಯ ರಾಶಿ ಸುರುವಿದಳು. "ಬೀಜಾ ಆರಿಸು. ಹೆಣ್ಣು ಹುಡುಗಿ, ಕೈಗೆ ಕೆಲಸ ಬರ್ಬೇಕು."

ಮುಮತಾಜ ಒಂದು ಬೀಜ ತೆಗೆದು ಪಕ್ಕಕ್ಕಿಟ್ಟಳು. "ಆಯಿ, ನಾವು ಸ್ಥಿತಿವಂತರಂತ. ಸಾಲ್ಯಾಗ ಬರದಾರ."

"ಹ್ಞಾಂ."

"ಹಂಗಾರ ಸ್ಥಿತಿವಂತರ ಮನ್ಯಾಗ ಇವತ್ತ ಪಲ್ಯಾ ಏನ್ ಮಾಡೀರಿ?"

ಪೀರಾಂಬಿಯ ಕೈ ಎದ್ದಿತು. ಮಾಬುಬಿ ನಡುವೆ ಬಂದು ಆ ಕೈ ಹಿಡಿದಳು. ಮದುವೆಯಾಗಿ ಹದಿನೈದು ವರ್ಷದಲ್ಲಿ ಅತ್ತೆಯ ಕೈಯನ್ನು ಅವಳು ಹಿಡಿದದ್ದು ಅದೇ ಮೊದಲು.

"ಕೂಸಿಗೆ ಹೊಡೀಬ್ಯಾಡ್ರಿ. ಆಕಿ ಕೇಳಿದ್ದರಾಗ ತಪ್ಪೇನೈತಿ? ಪಲ್ಯಾ ಇಲ್ಲ. ಖಾರಾ ಐತಿ. ಅದನ್ನರ ಹೇಳ್ರಿ."

"ಸೊಸಿ ನನ್ನ ಕೈ ಹಿಡೀತಾಳ! ನೋಡ್ರೆಪ್ಪಾ ಓಣ್ಯಾಗಿನವರು!" ಎಂದು ಪೀರಾಂಬಿ ಬಾಗಿಲಿಗೆ ಹೋಗಿ ಕೂಗಿದಳು. ಹುಸೇನಬಿ ತನ್ನ ಬಾಗಿಲಿನಿಂದ ಇಣುಕಿ, "ಕೈ ಹಿಡದ್ರ ಹಿಡೀಲಿ ಬಿಡ ಪೀರಾಂಬಿ, ನನ್ನ ಕಪ್ಪಿನ ಕಿವಿ ಮುರದೀದಿ, ಅದನ್ನ ಯಾರು ಹಿಡೀಬೇಕು?" ಎಂದಳು. ಅಂದಿನಿಂದ ಆ ಮನೆಯೊಂದಿಗೂ ಮಾತು ಕಡಿಯಿತು.

ಪೀರಾಂಬಿ ಸೊಸೆ ಬಡಿದ ರೊಟ್ಟಿ ಬಿಟ್ಟಳು. ತನ್ನದೇ ಒಂದು ಕಲ್ಲಿನ ಒಲೆ ಹೂಡಿ ಹಿತ್ತಲಲ್ಲಿ ಅಂಬಲಿ ಕಾಸಿಕೊಂಡಳು. ಒಂದೇ ಜೋಳದ ಹಿಟ್ಟು, ಎರಡು ಹೊಗೆ. ಮಾಬುಬಿ ಬೆಳಿಗ್ಗೆ ನಲ್ಲಿಯ ನೀರು ತಂದಿಟ್ಟರೆ ಮುದುಕಿ ಅದನ್ನು ಮುಟ್ಟದೆ ತಾನೇ ಕೊಡ ಹೊತ್ತು ಹೋಗುತ್ತಿದ್ದಳು. ಅವಳು ಉಸಿರು ಹಿಡಿದು ಬರುವುದನ್ನು ನೋಡಿ ಮಾಬುಬಿಗೆ ಕರುಳು ಚುರುಕ್ಕೆನ್ನುತ್ತಿತ್ತು. ಮೊಳೆಗೆ ತೂಗಿದ ಪಾಟಿಚೀಲ ಕಂಡ ಕೂಡಲೇ ಆ ಕರುಳು ಮತ್ತೆ ಬಿಗಿಯುತ್ತಿತ್ತು. ನಡುವೆ ಗೈಬುಸಾಬ ಬಡವಾದ. "ಇಬ್ಬರ ಕೈಯಾಗೂ ಉಂಡ್ರ ಇಬ್ಬರೂ ಬೈತೀರಿ, ಉಣ್ಣದಿದ್ರೂ ಬೈತೀರಿ. ನಾ ಬಬಲೇಶ್ವರದಾಗ ಭಜಿ ತಿಂದು ಬರ್ತೇನಿ" ಎಂದು ಬಿಲ್ಲು ಹೊತ್ತು ಹೊರಟುಬಿಡುತ್ತಿದ್ದ.

ಹೀಗೆ ಇನ್ನೊಂದು ವಾರ ಕಳೆದಿತ್ತು. ಒಂದು ಮುಂಜಾನೆ ಓಣಿಯ ಬಾಯಿಗೆ ಜೀಪು ಬಂದು ನಿಂತಿತು. ಅದರ ಹಿಂದುಗಡೆ ಗಿಳಿಹಸಿರು ಪಟ್ಟಿಯ ಗಾದಿ. ಎತ್ತರದ ಹೆಣ್ಣುಮಗಳೊಬ್ಬಳು ಇಳಿದು, "ಎಲ್ಲಿ ಆ ಗೈಬ್ಯಾ?" ಎನ್ನುತ್ತ ಬಂದಳು. ತಿಕೋಟಾದ ಮುರಿಗೆವ್ವ. ಆಳು ಗಾದಿಯನ್ನು ತಂದು ಅಂಗಳದಲ್ಲಿ ಒಗೆದ. ಒಂದು ಮೂಲೆಯ ಕೆಂಪು ಹೂ ಕಿತ್ತು ಜೋತಾಡುತ್ತಿತ್ತು. ಕೆಳಗಿನ ಕಲೆ ಬಿಸಿಲಿಗೆ ಎದ್ದು ಕಾಣುತ್ತಿತ್ತು.

"ನಾ ಹೂ ಹೊಲೀರಿ ಅಂತ ಹೇಳಿದ್ದೆನೇನೋ? ಹೇಳದ ಹೂ ಎಲ್ಲಿಂದ ಬಂತು ಅಂತ ಕಿತ್ತು ನೋಡಿದ್ರ ಇದು! ಮದವಿ ಗಾದಿ ಮ್ಯಾಲ ಕುಂತು ಚಾ ಕುಡದೀರಿ? ನನ್ನ ಮಗಳಿಗೆ ಎಂಜಲಾ ಮಾಡಿದ ಗಾದಿ ಕೊಡ್ತೀಯಾ? ಯಾರು ಕುಂತಿದ್ರು ಹೇಳು!"

ಗೈಬುಸಾಬ ಕೈಮುಗಿದು ನಿಂತಿದ್ದ. ಓಣಿಯ ಬಾಗಿಲುಗಳೆಲ್ಲ ತೆರೆದವು.

"ನಮ್ಮಣ್ಣ ಇದ ಪೇಟ್ಯಾಗ ಇರ್ತಾನ. ಕರಕೊಂಡ ಬಂದೇನಿ. ಅಣ್ಣಾ, ಬಾ ಇಲ್ಲೆ, ಇವರನ್ನ ನೀನ ಕೇಳು!"

ಅಣ್ಣ ಓಣಿಯ ತಿರುವಿನಲ್ಲೇ ನಿಧಾನವಾಗಿದ್ದರು. ಚರಚರ ಎನ್ನುವ ಚಪ್ಪಲಿ ಒಂದೊಂದೇ ಹೆಜ್ಜೆ ಬಂತು. ಶಂಕ್ರೆಪ್ಪ ಬಾಗಿಲನ್ನು ನೋಡಿದರು, ಗಾದಿಯನ್ನು ನೋಡಿದರು, ಕಲೆಯನ್ನು ನೋಡಿದರು.

ಮಾಬುಬಿ ಅತ್ತೆಯ ಕಡೆ ತಿರುಗಿದಳು. ಪೀರಾಂಬಿ ಹಿತ್ತಲ ಬಾಗಿಲಲ್ಲಿ ಅಂಬಲಿಯ ಸೌಟು ಹಿಡಿದು ನಿಂತಿದ್ದಳು. ತುಟಿ ಬಿಗಿದಿತ್ತು. ಕುಂತವರು ಇವರೇ ಎಂದರೆ, ಗಾದಿ ನಮ್ಮದಲ್ಲವೆಂದು ಓಣಿಯ ಮುಂದೆ ಒಪ್ಪಿದಂತೆ. ಅವಳು ಹೇಳುವವಳಲ್ಲ, ಮಗ ಕಳ್ಳನೆನಿಸಿಕೊಂಡರೂ ಹೇಳುವವಳಲ್ಲ.

"ಹೇಳ್ರೋ! ಯಾರು ಕುಂತಿದ್ರು?"

ಮಾಬುಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಕುಂತವರು ಇಲ್ಲೇ ನಿಂತಾರ ಯವ್ವಾ. ನಿಮ್ಮ ಅಣ್ಣಾರ್ನ ಕೇಳ್ರಿ."

ಮುರಿಗೆವ್ವ ಹೊರಳಿದಳು. "ಅಣ್ಣಾ? ನನ್ನ ಮಗಳ ಗಾದಿ ಮ್ಯಾಲ ನೀ ಕುಂತಿದ್ದೇನು?"

"ನನಗೇನ್ ಗೊತ್ತವಾ! ಈ ಮುದುಕಿ ನಮ್ಮ ಗಾದಿ ಅಂದಳು!" ಶಂಕ್ರೆಪ್ಪನವರ ಮುಖ ಕೆಂಪೇರಿತು. ಪೀರಾಂಬಿಯ ಕಡೆ ಬೆರಳು ಚಾಚಿದರು. "ಸುಳ್ಳು ಹೇಳಿದಿ! ಕಮಿಟಿಯವನಿಗೆ ಸುಳ್ಳು ಹೇಳಿದಿ! ಸುಳ್ಳರ ಮಕ್ಕಳಿಗೆ ನಾದಾರಿ ಬೇರೆ!"

"ಅತ್ತಿ ಸುಳ್ಳು ಹೇಳಿದ್ದು ಖರೇ" ಎಂದಳು ಮಾಬುಬಿ. "ಇಲ್ಲದ್ದು ಐತಿ ಅಂತ ಹೇಳ್ಯಾಳ. ಐತಿ ಅಂದವರದ್ದು ನೀವು ನಂಬಿದ್ರಿ. ಇಲ್ಲ ಅಂತ ಸಾಲಿಗಿ ಬಂದು ಹೇಳಿದಾಕಿ ನಾನು, ನನ್ನ ಮಾತು ನಂಬಲಿಲ್ಲ. ಈಗ ಬರ್ರಿ ಒಳಗ. ನಮ್ಮ ಗಾದಿ ನೋಡ್ರಿ."

"ಮಾಬು, ಬ್ಯಾಡ!" ಎಂದು ಪೀರಾಂಬಿ ಕೂಗುವಷ್ಟರಲ್ಲಿ ಅವಳು ಒಳಕೋಣೆಯ ಬಾಗಿಲನ್ನು ದೂಡಿ ತೆರೆದಿದ್ದಳು. ನೆಲದ ಮೇಲೆ ಗೋಣಿಚೀಲ ಬಿಚ್ಚಿ ಹೊಲಿದ ನಾಲ್ಕು ಹಾಸಿಗೆ. ಒಳಗೆ ಹತ್ತಿ ಹಿಂಜಿದಾಗ ಉದುರಿದ ಕಸ. ಒಂದರ ಹೊಲಿಗೆ ಬಿಚ್ಚಿ ಬೂದಿಬಣ್ಣದ ಉಂಡೆಗಳು ಹೊರಗೆ ಬಂದಿದ್ದವು. ಮೇಲೆ ಹಳೆಯ ಕೌದಿ.

ಮುರಿಗೆವ್ವ ಇಣುಕಿ ನೋಡಿ ಹಿಂದೆ ಸರಿದಳು. "ಊರಿಗೆಲ್ಲ ಗಾದಿ ಹಾಕವರು, ಇದರ ಮ್ಯಾಲ ಮಲಗ್ತೀರಾ?" ಸಿಟ್ಟು ಇಳಿದಿರಲಿಲ್ಲ; ಅದು ದಿಕ್ಕು ಬದಲಿಸಿತ್ತು. "ಅಣ್ಣಾ, ಮನಿ ನೋಡಾಕ ಬಂದಾಂವ ಒಂದು ಬಾಗಿಲಾ ದೂಡಿ ನೋಡಲಿಲ್ಲಾ ನೀ? ಹೊಸಾ ಅರಿವೀ ರೊಕ್ಕಾ ನೀ ಕೊಡು. ಏ ಗೈಬ್ಯಾ, ಹತ್ತಿ ತಿರುಗಿ ಹಿಂಜು, ಮದವಿಗೆ ಹನ್ನೆರಡು ದಿವಸ ಐತಿ. ಕೂಲಿ ಕೇಳಿದೆಂದ್ರ ನೋಡು!"

"ಕೇಳೂದಿಲ್ರಿ ಯವ್ವಾ" ಎಂದ ಗೈಬುಸಾಬ.

ಶಂಕ್ರೆಪ್ಪ ಚಪ್ಪಲಿ ಮೆಟ್ಟಿಕೊಂಡರು. "ನಾ ಒಬ್ಬಾಂವ ಬರದದ್ದು ಅಳಸಾಕ ಬರೂದಿಲ್ಲ. ಕಾರಕೂನನ್ನ ಕರಕೊಂಡ ತಿರುಗಿ ಬರಬೇಕು, ತಿರುಗಿ ಬರೀಬೇಕು. ಬರ್ತೇವೋ ಇಲ್ಲೋ ನೋಡ್ತೇನಿ" ಎಂದು ಯಾರ ಮುಖವನ್ನೂ ನೋಡದೆ ನಡೆದರು.

ಅವರು ಹೋದ ಮೇಲೆ ಪೀರಾಂಬಿ ಸೊಸೆಯ ಮುಂದೆ ಬಂದು ನಿಂತಳು. ಬೈಯಲಿಲ್ಲ. "ನನ್ನ ಮನಿ ಬತ್ತಲೆ ಮಾಡಿದಿ" ಎಂದಷ್ಟೇ ಹೇಳಿದಳು. ಆಮೇಲೆ ಬಾಯಿ ಕಟ್ಟಿದ ಹಾಗೆ ಆದಳು. ಸೊಸೆಯೊಂದಿಗೆ ಮಾತಿಲ್ಲ, ಮಗನೊಂದಿಗೂ ಇಲ್ಲ. ಮುಮತಾಜ ತಲೆ ಬಾಚಿಸಿಕೊಳ್ಳಲು ಹೋಗಿ ಎದುರಿಗೆ ಕೂತರೆ ಸುಮ್ಮನೆ ಬಾಚುತ್ತಿದ್ದಳು. ಹಿತ್ತಲ ಒಲೆಯ ಹೊಗೆ ಮಾತ್ರ ನಿಲ್ಲಲಿಲ್ಲ.

ಮಾಬುಬಿ ಗಾದಿಯ ಹೊಲಿಗೆ ಬಿಚ್ಚಿದಳು. ಗೈಬುಸಾಬ ಹತ್ತಿಯನ್ನು ಮತ್ತೆ ಹಿಂಜಿದ. ಹೊಸ ಗಾದಿ ತಿಕೋಟಾಕ್ಕೆ ಹೋಯಿತು, ಮದುವೆಯೂ ಆಯಿತು. ಕಮಿಟಿಯವರ ಸುದ್ದಿಯಿಲ್ಲ. ದಿನಾ ಶಾಲೆಯ ಗಂಟೆ ಹೊಡೆದಾಗ ಮುಮತಾಜ ಬೀಜ ಆರಿಸುವ ಕೈ ನಿಲ್ಲಿಸಿ, ಮತ್ತೆ ಆರಿಸುತ್ತಿದ್ದಳು. ಅದನ್ನು ಮಾಬುಬಿ ಒಲೆಯ ಮುಂದಿನಿಂದ ನೋಡುತ್ತಿದ್ದಳು. ಹಿತ್ತಲಿನಿಂದ ಪೀರಾಂಬಿಯೂ ನೋಡುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಚರಚರ ಚಪ್ಪಲಿಯ ಸದ್ದು ಕೇಳಿಸಿತು. ಶಂಕ್ರೆಪ್ಪ, ಹಿಂದೆ ರಾಯಪ್ಪ. ಮಾಬುಬಿ ಎದ್ದು ನೆಲ ಒರೆಸಲು ಅರಿವೆ ಹುಡುಕಿದಳು. ಅಷ್ಟರಲ್ಲಿ ಒಳಕೋಣೆಯಲ್ಲಿ ಏನನ್ನೋ ದರದರ ಎಳೆಯುವ ಸದ್ದು.

ಪೀರಾಂಬಿ ತನ್ನ ಗೋಣಿಯ ಹಾಸಿಗೆಯನ್ನು ಎಳೆದು ತರುತ್ತಿದ್ದಳು. ಉಟ್ಟದ್ದು ದಿನದ ಸೀರೆ. ನಡುಮನೆಯಲ್ಲಿ ಬೆಳಕು ಬೀಳುವ ಜಾಗದಲ್ಲಿ ಅದನ್ನು ಹಾಸಿ, ಕೈಯಿಂದ ಎರಡು ಸಲ ಬಡಿದಳು. ಧೂಳು ಎದ್ದಿತು. ರಾಯಪ್ಪ ಸೀನಿದ.

"ಇದು ನಮ್ಮದು. ಕುಂದರ್ರಿ."

ಶಂಕ್ರೆಪ್ಪ ತಮ್ಮ ಬಿಳಿ ಧೋತರವನ್ನು ನೋಡಿಕೊಂಡರು.

"ಯಾಕ್ರಿ? ಆವತ್ತ ಮಂದೀದರ ಮ್ಯಾಲ ಗಪ್ಪನ ಕುಂತ್ರಿ. ಇದರ ಮ್ಯಾಲ ಕುಂದರಾಕ ಏನು ಅಡಚಣಿ?"

ಅವರು ಕೂತರು. ಚುಚ್ಚಿತೋ ಏನೋ, ಒಮ್ಮೆ ಮಗ್ಗುಲು ಬದಲಿಸಿದರು.

"ಮಾಬು" ಎಂದಳು ಪೀರಾಂಬಿ. ಅಷ್ಟು ದಿನಗಳಲ್ಲಿ ಸೊಸೆಯ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ದನಿ ಇನ್ನೂ ಬಿರುಸೇ. "ಚಾ ತಾ. ನಮ್ಮ ವಾಟಗದಾಗ ತಾ. ಬೆಲ್ಲದ್ದ ಸಾಕು."

ಮಾಬುಬಿ ತಗ್ಗುಬಿದ್ದ ಎರಡು ಬಟ್ಟಲುಗಳಲ್ಲಿ ಚಹಾ ತಂದಿಟ್ಟಳು. ಶಂಕ್ರೆಪ್ಪ ಎರಡೂ ಕೈಯಿಂದ ಜೋಪಾನವಾಗಿ ಹಿಡಿದುಕೊಂಡರು.

"ಆರಾಮ ಕುಡೀರಿ. ಈ ಸಲ ಚೆಲ್ಲಿದ್ರೂ ನಡೀತೈತಿ" ಎಂದಳು ಪೀರಾಂಬಿ.

ಅವರು ಚಹಾ ಮುಗಿಸಿ, ವಾಟಗ ಕೆಳಗಿಟ್ಟು, ಮೊಳೆಗೆ ತೂಗಿದ ಪಾಟಿಚೀಲದ ಕಡೆ ನೋಡಿ, "ಸೋಮವಾರ ಹುಡುಗೀನ್ನ ಸಾಲಿಗಿ ಕಳಸ್ರಿ" ಎಂದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ಮುಮತಾಜ ಆ ಕ್ಷಣವೇ ಚೀಲವನ್ನು ಮೊಳೆಯಿಂದ ಇಳಿಸಿ ಒಳಗೆ ಓಡಿದಳು.

ರಾಯಪ್ಪ ಕಾಗದ ಹರವಿ ಸೀಸಕಡ್ಡಿ ತೆಗೆದ. "ಸ್ಥಿತಿ ಬಡತನದ್ದು... ಕುಟುಂಬದ ಹೆಸರು ಏನಂತ ಬರೀಲಿ? ಪಿಂಜಾರ ಕಾಸಿಮಸಾಬನ ಮನಿ, ಅಲ್ರಿ? ಪ್ಯಾಟ್ಯಾಗ ಎಲ್ಲಾರೂ ಹಂಗ ಅಂತಾರ."

ಪೀರಾಂಬಿ ನೆಲಕ್ಕೆ ಕೈಯೂರಿ ಅವನ ಎದುರಿಗೆ ಕೂತಳು.

"ಬಡವರು ಅಂತ ಬರೀಪಾ, ದಪ್ಪನ ಅಕ್ಷರದಾಗ ಬರಿ" ಎಂದಳು. "ಅವನ ಹೆಸರು ಮಾತ್ರ ಅದರ ಬಾಜೂಕ ಬರೀಬ್ಯಾಡ. ನನ್ನದು ಬರಿ."